ಬಂದವರಿಗೊಂದು ಅಳತೆ, ಹೋದವರಿಗೊಂದು ಅಳತೆ

ಶ್ರೀರಂಗಪಟ್ಟಣದ ಪಕ್ಕದ ಪಾಲಹಳ್ಳಿಗೆ ಬೆಲ್ಲದ ನಂಟು ಹಳೆಯದು. ಅಷ್ಟಗ್ರಾಮ ಸಕ್ಕರೆ ಕಾರ್ಖಾನೆ 1847ರಲ್ಲಿ ಶುರುವಾದದ್ದು ಇಲ್ಲೇ. ರೈತರಿಂದ ಬೆಲ್ಲ ಕೊಂಡು ಅದರಿಂದ ಸಕ್ಕರೆ ತೆಗೆಯುತ್ತಿದ್ದ ಆ ಕಾರ್ಖಾನೆ ಇಂಗ್ಲಿಷರ ಕಂಪನಿಯದು. ಈಗ ಮಂಡ್ಯ ಜಿಲ್ಲೆಯ ಎಷ್ಟೋ ಆಲೆಮನೆಗಳಲ್ಲಿ ಕೊಪ್ಪರಿಗೆಯ ಮುಂದೆ ನಿಂತು ಪಾಕದ ಹದ ನೋಡುವವರು ಉತ್ತರ ಪ್ರದೇಶ, ಬಿಹಾರದ ಕಡೆಯವರು. ‘ಕೆಲಸಕ್ಕೆ ಜನ ಸಿಗ್ತಿಲ್ಲ’ ಎಂದು ಬೆಳಿಗ್ಗೆ ಗೊಣಗುವ ಬಾಯಿಯೇ ‘ಎಲ್ಲಿ ನೋಡಿದ್ರೂ ಹಿಂದಿಯೋರು’ ಎಂದು ಸಂಜೆ ಗೊಣಗುತ್ತದೆ.

ಎರಡೂ ಸುಳ್ಳಲ್ಲ. ಆದರೆ ಈ ಸೀಮೆಗೆ ಹೊರಗಿನವರು ಹೊಸಬರೂ ಅಲ್ಲ.

ಶ್ರೀರಂಗಪಟ್ಟಣದ ದ್ವೀಪದ ಮೇಲಿರುವ ಗಂಜಾಮನ್ನೇ ನೋಡಿ. ಅದನ್ನು ತುಂಬಿಸಲು ಟಿಪ್ಪು ಸುಲ್ತಾನ್ ಶಿರಾದಿಂದ 12,000 ಕುಟುಂಬಗಳನ್ನು ಎಬ್ಬಿಸಿ ತಂದನೆಂದು ಗೆಜೆಟಿಯರ್ ಹೇಳುತ್ತದೆ. ಅವರು ಇಷ್ಟಪಟ್ಟು ಬಂದವರಲ್ಲ. 1799ರಲ್ಲಿ ಟಿಪ್ಪು ಸತ್ತ ಮೇಲೆ ಇಲ್ಲಿನ ಕ್ರೈಸ್ತರನ್ನು ಒಗ್ಗೂಡಿಸಲು ಬಂದ ಫ್ರೆಂಚ್ ಪಾದ್ರಿ ಆಬೆ ದುಬ್ವಾ ಈ ನೆಲದವರ ಉಡುಗೆ ತೊಟ್ಟ, ಊಟ ಉಂಡ, ಸಿಡುಬಿನ ಲಸಿಕೆ ಹಾಕಿಸಲು ಓಡಾಡಿದ. ಜನ ಅವನನ್ನು ‘ದೊಡ್ಡಸ್ವಾಮಿಯೋರು’ ಎಂದು ಕರೆದರು. 1823ರಲ್ಲಿ ಅವನು ಫ್ರಾನ್ಸಿಗೆ ಮರಳಿದ.

ಪಾಂಡವಪುರ ತಾಲ್ಲೂಕಿನ ಮೇಲುಕೋಟೆಯ ಕಥೆ ಇನ್ನೂ ಹಿಂದಿನದು. ಹನ್ನೆರಡನೇ ಶತಮಾನದಲ್ಲಿ ಚೋಳರ ಕಾಟಕ್ಕೆ ಶ್ರೀರಂಗ ಬಿಟ್ಟು ಬಂದ ರಾಮಾನುಜಾಚಾರ್ಯರಿಗೆ ಹೊಯ್ಸಳರ ನಾಡು ಆಶ್ರಯ ಕೊಟ್ಟಿತು. ಅವರ ಹಿಂದೆ ಬಂದ ಶ್ರೀವೈಷ್ಣವ ಮನೆತನಗಳು ಅಡುಗೆಮನೆಯಲ್ಲಿ ತಮಿಳನ್ನು ಉಳಿಸಿಕೊಂಡವು, ಇಂದಿಗೂ ಆ ತಮಿಳು ಬದುಕಿದೆ. ಅಂಥ ಒಂದು ಮನೆಯಲ್ಲಿ 1905ರಲ್ಲಿ ಹುಟ್ಟಿದವರು ಕವಿ ಪು.ತಿ. ನರಸಿಂಹಾಚಾರ್. ನಾಗಮಂಗಲ ತಾಲ್ಲೂಕಿನ ಬೆಳ್ಳೂರಿನವರಾದ ಬಿ.ಎಂ. ಶ್ರೀಕಂಠಯ್ಯನವರ ಮನೆಮಾತೂ ತಮಿಳೇ. ಕನ್ನಡ ಮಾತು ತಲೆಯೆತ್ತುವ ಬಗೆ ಯಾವುದೆಂದು 1911ರಲ್ಲಿ ಧಾರವಾಡದ ಕನ್ನಡಿಗರಿಗೆ ಹೇಳಿದವರು ಅವರು! ಮನೆಯಲ್ಲಿ ಬೇರೆ ಭಾಷೆ ಆಡುವವರು ಕನ್ನಡದವರಾಗಲಾರರು ಎಂದು ವಾದಿಸುವವರು ಮೊದಲು ನಮ್ಮ ನವೋದಯದ ಅರ್ಧ ಕಪಾಟು ಖಾಲಿ ಮಾಡಬೇಕಾದೀತು.

ಇವರನ್ನೆಲ್ಲ ಕನ್ನಡಕ್ಕೆ ತಂದದ್ದು ಭಾಷಣವಲ್ಲ. ಸಂತೆ, ಜಮೀನು, ದೇವಸ್ಥಾನದ ವ್ಯವಹಾರ, ಆಮೇಲೆ ಮೈಸೂರು ಸಂಸ್ಥಾನದ ಶಾಲೆ ಮತ್ತು ನೌಕರಿ. ಮನೆಯ ಹೊರಗಿನ ಬದುಕಿಗೆ ಕನ್ನಡ ಬೇಕಿತ್ತು, ಆ ಬದುಕಿನಲ್ಲಿ ಅವರಿಗೆ ಜಾಗವೂ ಇತ್ತು. ಮೇಲ್ಜಾತಿಯವರಿಗೆ ಆ ಜಾಗ ಸಲೀಸಾಗಿ ಸಿಕ್ಕಿತೆಂಬುದನ್ನೂ ಮುಚ್ಚಿಡಬೇಕಿಲ್ಲ. ಕಾಲ ಕಳೆದಂತೆ ತಾನೇ ಎಲ್ಲ ಬೆರೆಯುತ್ತದೆ ಎನ್ನುವವರು ಮರೆಯುವುದು ಈ ಜಾಗದ ಮಾತನ್ನೇ.

ಇನ್ನು 2024ರ ಜುಲೈಗೆ ಬನ್ನಿ. ಖಾಸಗಿ ಉದ್ಯೋಗದ ಆಡಳಿತ ಹುದ್ದೆಗಳಲ್ಲಿ ಶೇ 50, ಉಳಿದವುಗಳಲ್ಲಿ ಶೇ 70 ಸ್ಥಳೀಯರಿಗೆ ಎಂಬ ಮಸೂದೆಗೆ ರಾಜ್ಯ ಸಂಪುಟ ಒಪ್ಪಿಗೆ ಕೊಟ್ಟಿತು. ಉದ್ಯಮಿಗಳು ಗದ್ದಲವೆಬ್ಬಿಸಿದ್ದೇ ತಡ, ಸರ್ಕಾರ ಅದನ್ನು ತಡೆಹಿಡಿಯಿತು. ಅದರ ಪ್ರಕಾರ ಸ್ಥಳೀಯ ಅನ್ನಿಸಿಕೊಳ್ಳಲು ಕರ್ನಾಟಕದಲ್ಲಿ ಹುಟ್ಟಿರಬೇಕು, 15 ವರ್ಷ ನೆಲೆಸಿರಬೇಕು, ಕನ್ನಡ ಓದಿ ಬರೆದು ಮಾತಾಡಬೇಕು. ಸಂಪ್ರದಾಯದ ಲೆಕ್ಕದಲ್ಲಿ ಮೇಲುಕೋಟೆಯಲ್ಲಿ ಹನ್ನೆರಡೇ ವರ್ಷ ಇದ್ದ ರಾಮಾನುಜರು ಇಲ್ಲಿ ನಪಾಸು. ಎರಡು ದಶಕ ಮೀರಿ ಇದ್ದ ದುಬ್ವಾ ಕೂಡ ಹುಟ್ಟಿನ ಕಲಂನಲ್ಲಿ ಬೀಳುತ್ತಾನೆ. ತಮಾಷೆ ಹಾಗಿರಲಿ, ಕನ್ನಡ ಬರಬೇಕೆಂಬ ಷರತ್ತು ನ್ಯಾಯವಾದದ್ದೇ. ಕಷ್ಟಪಟ್ಟರೆ ಯಾರಾದರೂ ಅದನ್ನು ಪೂರೈಸಬಹುದು. ಹುಟ್ಟಿದ ಊರನ್ನು ಬದಲಿಸಲು ಯಾರ ಕೈಲಾಗುತ್ತದೆ?

ಈ ಪ್ರಶ್ನೆಯನ್ನು ಕೆ.ಆರ್. ಪೇಟೆಯಲ್ಲಿ ನಿಂತು ಕೇಳಿಕೊಂಡರೆ ಬೇರೆಯದೇ ಅರ್ಥ ಬರುತ್ತದೆ. ಕೆ.ಆರ್. ಪೇಟೆ, ನಾಗಮಂಗಲ, ಪಾಂಡವಪುರದ ಹಳ್ಳಿಗಳಿಂದ ಮುಂಬೈಗೆ ಹೋಗಿ ಹೋಟೆಲು, ಕ್ಯಾಂಟೀನು, ಡ್ರೈವಿಂಗ್ ಎಂದು ದುಡಿದವರು ಸಾವಿರಾರು ಮಂದಿ. ಮುಂಬೈಯಲ್ಲಿ ವ್ಯವಹಾರ ಮಾಡಿದ ಕೆ.ಸಿ. ನಾರಾಯಣಗೌಡರು ಕೆ.ಆರ್. ಪೇಟೆಯ ಶಾಸಕರೂ ಸಚಿವರೂ ಆದರು. ಅದೇ ಮುಂಬೈಯಲ್ಲಿ 1966ರಲ್ಲಿ ಹುಟ್ಟಿದ ಶಿವಸೇನೆ ಮೊದಲು ತಿರುಗಿಬಿದ್ದದ್ದು ದಕ್ಷಿಣದವರ ಮೇಲೆ. ಉಡುಪಿ ಹೋಟೆಲುಗಳೂ ಏಟು ತಿಂದವು. ಭೂಮಿಪುತ್ರರ ಕೆಲಸ ಕಸಿದವರು ಎಂಬ ಆರೋಪವನ್ನು ಆಗ ಹೊತ್ತವರು ನಮ್ಮವರು. 2020ರ ಮೇ ತಿಂಗಳಲ್ಲಿ ಲಾಕ್‌ಡೌನಿನ ನಡುವೆ ಇವರು ಊರಿಗೆ ಮರಳಿದಾಗ ಮಂಡ್ಯದ ಕೊರೊನಾ ಅಂಕಿ ಏರಿತು. ಸ್ವಂತ ಊರಿನಲ್ಲೇ ಅವರು ‘ಮುಂಬೈಯೋರು’ ಆಗಿಹೋದರು.

ಆದರೂ ಅದೇ ಮುಂಬೈ ಇನ್ನೊಂದನ್ನು ಕೊಟ್ಟಿತ್ತು. ಅಲ್ಲಿನ ಮಹಾನಗರಪಾಲಿಕೆ ದಶಕಗಳ ಕಾಲ ಕನ್ನಡ ಮಾಧ್ಯಮದ ಶಾಲೆಗಳನ್ನು ನಡೆಸಿತು. ಹಗಲೆಲ್ಲ ಹೋಟೆಲಿನಲ್ಲಿ ಲೋಟ ತೊಳೆದ ಹುಡುಗರು ಸಂಜೆ ಕನ್ನಡದ ರಾತ್ರಿಶಾಲೆಗೆ ಹೋಗಿ ಮೆಟ್ರಿಕ್ ಮುಗಿಸಿದರು, ಜೊತೆಗೆ ಮರಾಠಿಯನ್ನೂ ಕಲಿತರು. ವಿಶ್ವವಿದ್ಯಾಲಯದಲ್ಲಿ ಕನ್ನಡ ವಿಭಾಗವೂ ಇದೆ. ಅಲ್ಲಿ ನಮ್ಮವರು ಇದನ್ನೆಲ್ಲ ಹಕ್ಕಿನಿಂದ ಪಡೆದರು. ಇಲ್ಲಿ ಆಲೆಮನೆಯ ಶೆಡ್ಡಿನಲ್ಲಿ ಮಲಗುವವನಿಂದ ಕನ್ನಡವನ್ನು ಬಯಸುವ ನಾವು ಅವನಿಗೆ ಕೊಡುವುದು ಕೂಲಿ ಮಾತ್ರ. ಪಡಿತರ ಚೀಟಿ ಈಗ ದೇಶದಾದ್ಯಂತ ನಡೆಯುತ್ತದೆ, ಆದರೆ ಅದನ್ನು ಅವನಿಗೆ ತಿಳಿಸಿ ಹೇಳುವವರು ಬೇಕು. ಜೊತೆಗೆ ಬಂದ ಮಕ್ಕಳನ್ನು ಊರ ಶಾಲೆಗೆ ಸೇರಿಸಲು 2009ರ ಶಿಕ್ಷಣ ಹಕ್ಕು ಕಾಯ್ದೆಯೇ ಸಾಕು, ಜನ್ಮ ಪ್ರಮಾಣಪತ್ರ ಇಲ್ಲವೆಂದು ಯಾವ ಮೇಷ್ಟರೂ ವಾಪಸು ಕಳಿಸುವಂತಿಲ್ಲ. ದೊಡ್ಡವರಿಗೆ ಸಂಜೆ ಕನ್ನಡ ತರಗತಿ ಬೇಕು. ಅದರ ಖರ್ಚನ್ನು ಜಿಲ್ಲಾ ಪಂಚಾಯಿತಿಯೂ ಆಲೆಮನೆ ಮಾಲೀಕರೂ ಹಂಚಿಕೊಳ್ಳಲಿ, ಪಾಠವನ್ನು ಆಲೆಮನೆಯ ಲೆಕ್ಕದ ಪುಸ್ತಕದಿಂದಲೇ ಶುರುಮಾಡಲಿ. ಎಷ್ಟು ಗಾಡಿ ಕಬ್ಬು ಅರೆದಿದೆ, ಎಷ್ಟು ಅಚ್ಚು ಇಳಿದಿದೆ, ತನಗೆ ಎಷ್ಟು ಕೂಲಿ ಬಾಕಿ ಇದೆ ಎಂಬುದನ್ನು ಕನ್ನಡದಲ್ಲಿ ಓದಲು ಬಂದರೆ ಅದರ ಲಾಭ ಮೊದಲು ಅವನಿಗೇ.