ರೇಡಿಯೊ ಸಮಯ: ಸದ್ದು ಅದೇ, ಸೆಕೆಂಡು ಬೇರೆ

ಹುಲ್ಲಹಳ್ಳಿ: ವಾರ್ತೆಗೆ ಮುನ್ನ ಆಕಾಶವಾಣಿಯಲ್ಲಿ ಕೇಳಿಬರುವ ‘ಪೀಂ ಪೀಂ’ ಸದ್ದಿಗೆ ಗಡಿಯಾರ ಸರಿಪಡಿಸಿಕೊಳ್ಳುವುದು ಒಂದು ಕಾಲಕ್ಕೆ ನಾಡಿನ ಮನೆಮನೆಯ ರೂಢಿಯಾಗಿತ್ತು. ಆ ಸದ್ದು ಇಂದಿಗೂ ಇದೆ. ಆದರೆ ಅದನ್ನು ನಂಬಬಹುದೇ ಎಂಬುದು ಈಗ ಕೇಳುವ ಸಾಧನವನ್ನು ಅವಲಂಬಿಸಿದೆ.

ನಂಜನಗೂಡು ತಾಲ್ಲೂಕಿನ ಹುಲ್ಲಹಳ್ಳಿಯಲ್ಲಿ ಮೈಸೂರು ಆಕಾಶವಾಣಿಯ 100.6 ಎಫ್‌ಎಂ ತರಂಗವನ್ನು ಸಾಮಾನ್ಯ ರೇಡಿಯೊದಲ್ಲಿಯೂ, ಅದೇ ಕಾರ್ಯಕ್ರಮವನ್ನು ಮೊಬೈಲ್ ಆ್ಯಪ್‌ನಲ್ಲಿಯೂ ಒಟ್ಟಿಗೆ ಹಾಕಿದರೆ ವ್ಯತ್ಯಾಸ ತಿಳಿಯುತ್ತದೆ. ಫೋನಿನಲ್ಲಿ ಸದ್ದು ಹಲವು ಸೆಕೆಂಡು ತಡವಾಗಿ ಬರುತ್ತದೆ. ಮೈಸೂರಿನಿಂದ ಇಲ್ಲಿಗೆ ರೇಡಿಯೊ ತರಂಗ ತಲುಪಲು ಸೆಕೆಂಡಿನ ಸಾವಿರದ ಒಂದು ಭಾಗವೂ ಬೇಡ. ಉಪಗ್ರಹದ ಮೂಲಕ ಬಂದರೆ ಕಾಲು ಸೆಕೆಂಡು ಹಿಡಿಯುತ್ತದೆ. ಡಿಜಿಟಲ್ ಪ್ರಸಾರದಲ್ಲಿ ಧ್ವನಿಯನ್ನು ಅಂಕಿಗಳಾಗಿ ಮಾರ್ಪಡಿಸಿ ತುಣುಕುಗಳಾಗಿ ಕಳುಹಿಸಲಾಗುತ್ತದೆ. ಸಾಕಷ್ಟು ತುಣುಕು ಸೇರಿದ ಮೇಲಷ್ಟೇ ಸಾಧನ ಅದನ್ನು ನುಡಿಸುತ್ತದೆ. ಈ ವಿಳಂಬ ಒಂದೊಂದು ಸಾಧನದಲ್ಲಿ ಒಂದೊಂದು ಬಗೆಯಾದ್ದರಿಂದ, ಸದ್ದನ್ನು ಮುಂಚಿತವಾಗಿ ಕಳುಹಿಸಿ ಸರಿದೂಗಿಸುವುದೂ ಅಸಾಧ್ಯ.

ಬದಲಾವಣೆ ಇಷ್ಟಕ್ಕೇ ನಿಂತಿಲ್ಲ. ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯವು ‘ಎಟಿಎ’ ಹೆಸರಿನಲ್ಲಿ ಕಿರುತರಂಗದ ಮೂಲಕ ಬಿತ್ತರಿಸುತ್ತಿದ್ದ ಪ್ರಮಾಣಿತ ಸಮಯ ಸಂಕೇತ ಸ್ಥಗಿತಗೊಂಡಿದೆ. ಆಕಾಶವಾಣಿಯು 2010ರ ದಶಕದಲ್ಲಿ ಮೂವತ್ತಕ್ಕೂ ಹೆಚ್ಚು ಮಧ್ಯಮ ತರಂಗ ಕೇಂದ್ರಗಳಲ್ಲಿ ಡಿಆರ್‌ಎಂ ಎಂಬ ಡಿಜಿಟಲ್ ವ್ಯವಸ್ಥೆ ಅಳವಡಿಸಿತು. ಹಳೆಯ ರೇಡಿಯೊಗೆ ಆ ಸಂಕೇತ ಬರೀ ಗೊರಗೊರ ಸದ್ದು. ಕೇಳಬೇಕಾದರೆ ಹೊಸ ಸೆಟ್ ಕೊಳ್ಳಬೇಕು.

ಮೊಬೈಲ್ ಫೋನ್ ತಾನೇ ಸಮಯ ತೋರಿಸುವಾಗ ರೇಡಿಯೊ ಸದ್ದಿನ ಚಿಂತೆ ಏಕೆಂದು ಕೇಳಬಹುದು. ಫೋನಿಗೆ ಸಮಯ ಒದಗಿಸುವುದು ದೂರಸಂಪರ್ಕ ಜಾಲ. ಜಾಲ ಕಡಿದಾಗ, ವಿದ್ಯುತ್ ಹೋದಾಗ, ಎರಡು ಬ್ಯಾಟರಿ ಸೆಲ್‌ಗಳಿಂದ ನಡೆಯುವ ರೇಡಿಯೊ ಯಾವ ಶುಲ್ಕವೂ ಇಲ್ಲದೆ ಸಮಯ ಹೇಳುತ್ತದೆ.

ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ 2025ರ ಜನವರಿಯಲ್ಲಿ ಭಾರತೀಯ ಕಾಲಮಾನ ಕುರಿತ ಕರಡು ನಿಯಮ ಪ್ರಕಟಿಸಿತು. ನಿಖರ ಸಮಯ ವಿತರಣೆಗೆ ಗೊತ್ತುಮಾಡಿದ ಐದು ಪ್ರಯೋಗಾಲಯಗಳಲ್ಲಿ ಬೆಂಗಳೂರಿನದೂ ಒಂದು. ಬ್ಯಾಂಕು, ವಿದ್ಯುತ್ ಜಾಲ, ದೂರಸಂಪರ್ಕಗಳಿಗೆ ಇದರಿಂದ ಅನುಕೂಲವಾದೀತು. ಸಾಮಾನ್ಯ ಕೇಳುಗನಿಗೆ ಉಳಿದಿರುವುದು ಮಾತ್ರ ಎಫ್‌ಎಂನ ಆ ಸದ್ದು.

ಡಾ. ಎಂ.ವಿ. ಗೋಪಾಲಸ್ವಾಮಿ 1935ರಲ್ಲಿ ‘ಆಕಾಶವಾಣಿ’ಯನ್ನು ಆರಂಭಿಸಿದ್ದು ಮೈಸೂರಿನಲ್ಲಿಯೇ. ಡಿಜಿಟಲ್ ಪ್ರಸಾರ ಬರಲಿ, ಬೇಡವೆನ್ನುವಂತಿಲ್ಲ. ಆದರೆ ಹಳೆಯ ಸೆಟ್‌ಗಳಿಗೆ ತಲುಪುವ ಎಫ್‌ಎಂ ಪ್ರಸಾರ ಉಳಿಯಬೇಕು; ಆ್ಯಪ್‌ನಲ್ಲಿ ಕೇಳುವ ಸದ್ದಿಗೆ ಗಡಿಯಾರ ಹೊಂದಿಸಬಾರದೆಂಬ ಸೂಚನೆಯಾದರೂ ಕೇಳುಗರಿಗೆ ಸಿಗಬೇಕು.