ಮಾತ್ರೆಯ ಭಯವೂ ಥೆರಪಿಯ ಸಂತೆಯೂ

ಬೀದರ್, ಕಲಬುರಗಿ, ರಾಯಚೂರಿನವರಿಗೆ ದೊಡ್ಡ ಆಸ್ಪತ್ರೆ ಎಂದರೆ ಇವತ್ತಿಗೂ ಹೈದರಾಬಾದೇ. ಹೃದಯಕ್ಕೆ, ಕಿಡ್ನಿಗೆ ಬರುತ್ತಿದ್ದವರು ಈಗ ಮಕ್ಕಳ ನಡವಳಿಕೆಗೂ ರೈಲು ಹತ್ತಿ ಇಲ್ಲಿಗೇ ಬರುತ್ತಿದ್ದಾರೆ. ಮಗು ತರಗತಿಯಲ್ಲಿ ಒಂದು ಕಡೆ ಕೂರುವುದಿಲ್ಲ, ದಿನಕ್ಕೊಂದು ಪೆನ್ಸಿಲ್ ಕಳೆಯುತ್ತದೆ, ಟೀಚರ್ ಪ್ರಶ್ನೆ ಮುಗಿಸುವ ಮೊದಲೇ ಉತ್ತರ ಕೂಗುತ್ತದೆ. ‘ಎಲ್ಲಾದರೂ ತೋರಿಸಿ’ ಎಂದು ಶಾಲೆಯವರು ಹೇಳಿ ಕಳಿಸಿರುತ್ತಾರೆ. ಬಂದವರಲ್ಲಿ ಬಹಳ ಮಂದಿಯ ಕಣ್ಣಿಗೆ ಮೊದಲು ಬೀಳುವುದು ವೈದ್ಯರಲ್ಲ, ಕೂಕಟ್‌ಪಲ್ಲಿ, ಮಿಯಾಪುರ, ಕೊಂಡಾಪುರದ ಕಡೆ ಮಹಡಿ ಮಹಡಿಗೂ ತೂಗುವ ಥೆರಪಿ ಸೆಂಟರುಗಳ ಬಣ್ಣದ ಬೋರ್ಡು.

ಅಲ್ಲಿ ಕೇಳಿಬರುವ ಮಾತು ಒಂದೇ: ‘ಮಾತ್ರೆ ಬೇಡ, ಥೆರಪಿಯಲ್ಲೇ ಸರಿ ಮಾಡುತ್ತೇವೆ.’ ಹೆತ್ತವರ ಜೀವ ತಣ್ಣಗಾಗುತ್ತದೆ. ಎಡಿಎಚ್‌ಡಿ (ಗಮನದ ಕೊರತೆ ಮತ್ತು ಅತಿ ಚಂಚಲತೆಯ ಸ್ಥಿತಿ) ಇರುವ ಮಕ್ಕಳಿಗೆ ನಮ್ಮಲ್ಲಿ ಆಗುತ್ತಿರುವ ಅನ್ಯಾಯದ ಬೇರು ಈ ಮಾತಿನಲ್ಲೇ ಇದೆ ಎಂಬುದು ನನ್ನ ವಾದ.

ಭಾಲ್ಕಿ ಕಡೆಯಿಂದ ಬಂದು ಇಲ್ಲಿ ನೆಲೆಸಿರುವ ತಾಯಿಯೊಬ್ಬರು ತಮ್ಮ ಮಗನ ಫೈಲು ತೋರಿಸಿದರು. ರಸೀತಿಗಳ ಕಟ್ಟು ದಪ್ಪಗಿತ್ತು: ಓಟಿ (ಆಕ್ಯುಪೇಶನಲ್ ಥೆರಪಿ), ಸ್ಪೀಚ್, ಬಿಹೇವಿಯರ್, ಎಲ್ಲವೂ ಪ್ಯಾಕೇಜಿನ ಲೆಕ್ಕದಲ್ಲಿ, ಮುಂಗಡ ಹಣಕ್ಕೆ. ರೋಗನಿರ್ಣಯಕ್ಕೆ ಮಾತ್ರ ಒಂದೇ ಹಾಳೆ. ಶಾಲೆಯ ಟೀಚರ್ ತುಂಬಿದ ಪ್ರಶ್ನಾವಳಿ ಇರಲಿಲ್ಲ. ಕಿವಿ, ಕಣ್ಣಿನ ಪರೀಕ್ಷೆಯ ಸುಳಿವಿರಲಿಲ್ಲ. ಸಹಿಯ ಕೆಳಗೆ ನೋಂದಣಿ ಸಂಖ್ಯೆಯೂ ಇರಲಿಲ್ಲ. ವೈದ್ಯರಿಗೆ ಯಾಕೆ ತೋರಿಸಲಿಲ್ಲ ಎಂದು ಕೇಳಿದೆ. ‘ಗುಳಗಿ ಕೊಟ್ರ ಕೂಸು ಮಂಕ್ ಆಗ್ತದಂತ್ರಿ, ಮುಂದ ಚಟ ಹತ್ತತದಂತ್ರಿ. ಅದಕ್ಕೇ ಬ್ಯಾಡ ಅಂದೇವ್ರಿ’ ಎಂದರು. ಆ ತಾಯಿಯ ಮೇಲೆ ನನಗೆ ಸಿಟ್ಟಿಲ್ಲ. ಆ ಭಯವನ್ನು ಆಕೆಯ ತಲೆಯಲ್ಲಿ ಬಿತ್ತಿ, ನಂತರ ಅದನ್ನೇ ಬಂಡವಾಳ ಮಾಡಿಕೊಂಡವರ ಮೇಲೆ ಇದೆ.

ಎಡಿಎಚ್‌ಡಿಯನ್ನು ಅರ್ಧ ಗಂಟೆಯಲ್ಲಿ ಹೇಳಲು ಬರುವುದಿಲ್ಲ. ಲಕ್ಷಣಗಳು 12 ವರ್ಷಕ್ಕೆ ಮೊದಲೇ ಕಾಣಿಸಿರಬೇಕು, ಕನಿಷ್ಠ 6 ತಿಂಗಳು ಇರಬೇಕು, ಮನೆಯಲ್ಲೂ ಶಾಲೆಯಲ್ಲೂ, ಅಂದರೆ ಎರಡು ಕಡೆಯಾದರೂ ತೊಂದರೆ ಕೊಡುತ್ತಿರಬೇಕು. ಬರೀ ಮನೆಯಲ್ಲಿ ಹಟ ಮಾಡುವ ಮಗು, ಬರೀ ಒಬ್ಬ ಟೀಚರ್ ಪೀರಿಯಡ್ಡಿನಲ್ಲಿ ಗಲಾಟೆ ಮಾಡುವ ಮಗು ಇದರಲ್ಲಿ ಬರುವುದಿಲ್ಲ. ಗಲಾಟೆಯೇ ಮಾಡದೆ ಕಿಟಕಿಯಾಚೆ ನೋಡುತ್ತ ಕೂರುವ ಹುಡುಗಿಗೆ ಇದು ಇರಬಹುದು, ಆಕೆ ಯಾರ ಕಣ್ಣಿಗೂ ಬೀಳುವುದಿಲ್ಲ. ನಮ್ಮ ದೇಶದ 6ರಿಂದ 9 ವರ್ಷದ ಮಕ್ಕಳಿಗೆಂದೇ ಇನ್‌ಕ್ಲೆನ್ ಸಂಸ್ಥೆ ಪರೀಕ್ಷಾ ಸಾಧನ ರೂಪಿಸಿದೆ. ಭಾರತೀಯ ಮಕ್ಕಳ ವೈದ್ಯರ ಅಕಾಡೆಮಿ 2017ರಲ್ಲೇ ಎಡಿಎಚ್‌ಡಿಯ ತಪಾಸಣೆ, ಚಿಕಿತ್ಸೆ ಹೇಗಿರಬೇಕೆಂದು ಒಮ್ಮತದ ಹೇಳಿಕೆ ಹೊರಡಿಸಿದೆ. ದಾರಿ ಗೊತ್ತಿಲ್ಲ ಎನ್ನುವಂತಿಲ್ಲ.

ಇನ್ನು ಮಾತ್ರೆಯ ಮಾತು. ಎಡಿಎಚ್‌ಡಿಗೆ ಕೊಡುವ ಮೀಥೈಲ್‌ಫೆನಿಡೇಟ್ ನಿನ್ನೆ ಮೊನ್ನೆಯ ಔಷಧವಲ್ಲ, 1944ರಲ್ಲಿ ತಯಾರಾದದ್ದು. 1999ರಲ್ಲಿ ಪ್ರಕಟವಾದ ಅಮೆರಿಕದ ಎಂಟಿಎ ಅಧ್ಯಯನ 579 ಮಕ್ಕಳಿಗೆ 14 ತಿಂಗಳು ಬೇರೆ ಬೇರೆ ಚಿಕಿತ್ಸೆ ಕೊಟ್ಟು ನೋಡಿತು. ಚಂಚಲತೆ, ಗಮನದ ಕೊರತೆಯಂಥ ಮೂಲ ಲಕ್ಷಣಗಳಿಗೆ, ಪ್ರಮಾಣ ನೋಡಿಕೊಂಡು ಕೊಟ್ಟ ಔಷಧ ಬರೀ ನಡವಳಿಕೆ ಚಿಕಿತ್ಸೆಗಿಂತ ಹೆಚ್ಚು ಫಲ ಕೊಟ್ಟಿತು. ಅದೇ ಮಕ್ಕಳನ್ನು ಮೂರು ವರ್ಷದ ಹೊತ್ತಿಗೆ ನೋಡಿದಾಗ ಗುಂಪುಗಳ ನಡುವಿನ ಆ ಅಂತರ ಉಳಿದಿರಲಿಲ್ಲ, ಅದನ್ನೂ ಹೇಳಲೇಬೇಕು. ಮಾತ್ರೆ ಒಂದೇ ಸಾಕು ಎಂದು ನಾನು ಹೇಳುತ್ತಿಲ್ಲ. ಹಸಿವು ಕಡಿಮೆಯಾಗುತ್ತದೆ, ನಿದ್ದೆ ತಡವಾಗುತ್ತದೆ. ತೂಕ, ಎತ್ತರ, ರಕ್ತದೊತ್ತಡ ನೋಡುತ್ತಿರಬೇಕು. 6 ವರ್ಷಕ್ಕಿಂತ ಚಿಕ್ಕ ಮಕ್ಕಳಿಗೆ ಮೊದಲು ಬೇಕಾದದ್ದು ಹೆತ್ತವರಿಗೆ ತರಬೇತಿ. ಮಗು ಮಂಕಾದರೆ ಔಷಧದ ಪ್ರಮಾಣ ಹೆಚ್ಚಾಗಿರಬಹುದು, ಅದನ್ನು ಸರಿಪಡಿಸುವುದು ವೈದ್ಯರ ಕೆಲಸ. ವೈದ್ಯರ ಬಳಿಗೇ ಹೋಗದಂತೆ ತಡೆಯುವವರಿಗೆ ಇದನ್ನೆಲ್ಲ ಹೇಳುವ ಗರಜಿಲ್ಲ. ಮಾತ್ರೆಯ ಅಡ್ಡಪರಿಣಾಮ ಎಣಿಸಿ ಹೇಳುವವರು ತಾವು ಮಾರುವ ಸೆನ್ಸರಿ (ಇಂದ್ರಿಯಗಳಿಗೆ ಸಂಬಂಧಿಸಿದ) ಥೆರಪಿಯಿಂದ ಎಡಿಎಚ್‌ಡಿ ವಾಸಿಯಾಗುತ್ತದೆ ಎನ್ನುವುದಕ್ಕೆ ಪುರಾವೆ ಎಲ್ಲಿದೆ ಎಂದೂ ಹೇಳಲಿ. ಆ ಥೆರಪಿಯ ಪರಿಣಾಮದ ಬಗ್ಗೆ ನಡೆದಿರುವ ಸಂಶೋಧನೆ ಸಾಲದು ಎಂದು ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2012ರಲ್ಲೇ ಎಚ್ಚರಿಸಿತ್ತು.

ಎದುರು ವಾದವೂ ಇದೆ: ಹೊರದೇಶಗಳಲ್ಲಿ ಸುಮ್ಮಸುಮ್ಮನೆ ಈ ಹಣೆಪಟ್ಟಿ ಹಚ್ಚುತ್ತಾರೆ, ನಾವೂ ಹಾಗಾಗುವುದು ಬೇಡ ಎಂದು. ಇದನ್ನು ನಾನು ಪೂರ್ತಿ ಒಪ್ಪುತ್ತೇನೆ. ಕೆನಡಾದ ಬ್ರಿಟಿಷ್ ಕೊಲಂಬಿಯಾದಲ್ಲಿ ಶಾಲೆಗೆ ಸೇರಲು ವಯಸ್ಸಿನ ಗಡಿ ಡಿಸೆಂಬರ್ 31. ಒಂಬತ್ತು ಲಕ್ಷಕ್ಕೂ ಹೆಚ್ಚು ಮಕ್ಕಳ ದಾಖಲೆ ನೋಡಿದ 2012ರ ಅಧ್ಯಯನದ ಪ್ರಕಾರ, ಜನವರಿಯಲ್ಲಿ ಹುಟ್ಟಿದ ಹುಡುಗರಿಗಿಂತ ಡಿಸೆಂಬರಿನಲ್ಲಿ ಹುಟ್ಟಿದ ಹುಡುಗರಿಗೆ ಎಡಿಎಚ್‌ಡಿ ಎಂದು ಹೇಳಿದ ಪ್ರಮಾಣ ಶೇ. 30ರಷ್ಟು ಹೆಚ್ಚು; ಹುಡುಗಿಯರಲ್ಲಿ ಶೇ. 70. ತರಗತಿಯಲ್ಲೇ ಚಿಕ್ಕ ಮಗುವಿನ ಎಳೆತನವನ್ನು ಕಾಯಿಲೆ ಎಂದು ಓದಿದ ಫಲ ಇದು. ಹೈದರಾಬಾದಿನಲ್ಲಿ ಆರನೇ ತರಗತಿಗೇ ಐಐಟಿ ಫೌಂಡೇಶನ್ ಶುರು ಮಾಡುವ ಶಾಲೆಗಳಿವೆ. ಗಂಟೆಗಟ್ಟಲೆ ಕೂತೇ ಓದಬೇಕಾದಲ್ಲಿ ಆಡುವ ಮಗುವೆಲ್ಲ ರೋಗಿಯಾಗಿಯೇ ಕಾಣುತ್ತದೆ. ಕರ್ನಾಟಕವೂ ಹಿಂದೆ ಬಿದ್ದಿಲ್ಲ. ಒಂದನೇ ತರಗತಿಗೆ 6 ವರ್ಷ ತುಂಬಿರಬೇಕು ಎಂದಿದ್ದ ಸರ್ಕಾರ, ಪೋಷಕರ ಒತ್ತಡಕ್ಕೆ ಮಣಿದು 2025–26ರ ಸಾಲಿಗೆ 5 ವರ್ಷ 5 ತಿಂಗಳಿಗೆ ಇಳಿಸಿತು. ಮಗುವಿಗೆ ಒಂದು ವರ್ಷ ನಷ್ಟವಾಗುತ್ತದೆ ಎಂದು ವಾದಿಸಿದ ಪೋಷಕರು ಆ ಎಳೆಯ ಮಗು ತರಗತಿಯಲ್ಲಿ ಹೇಗೆ ಕಾಣುತ್ತದೆ ಎಂದು ಯೋಚಿಸಿದ್ದರೇ?

ಹಣೆಪಟ್ಟಿ ಸುಲಭಕ್ಕೆ ಸಿಗಬಾರದು, ಹೌದು. ಸರಿಯಾಗಿ ಸಿಕ್ಕ ಮೇಲೆ ಚಿಕಿತ್ಸೆಯಾದರೂ ಸುಲಭಕ್ಕೆ ಸಿಗಬೇಡವೇ? ಮೀಥೈಲ್‌ಫೆನಿಡೇಟ್ ನಮ್ಮಲ್ಲಿ ಶೆಡ್ಯೂಲ್ ಎಕ್ಸ್ ಔಷಧ. ಚೀಟಿ ಎರಡು ಪ್ರತಿಯಲ್ಲಿರಬೇಕು, ಒಂದನ್ನು ಅಂಗಡಿಯವರು ಎರಡು ವರ್ಷ ಇಟ್ಟುಕೊಳ್ಳಬೇಕು, ಔಷಧವನ್ನು ಬೀಗ ಹಾಕಿ ಇಡಬೇಕು. ದುರ್ಬಳಕೆ ತಡೆಯಲು ಇದು ಬೇಕು. ಆದರೆ ಇಷ್ಟೆಲ್ಲ ಯಾರಿಗೆ ಬೇಕೆಂದು ಅನೇಕ ಅಂಗಡಿಗಳು ಅದನ್ನು ತರಿಸುವುದೇ ಇಲ್ಲ. ಹೈದರಾಬಾದಿನಲ್ಲೇ ಹೀಗಾದರೆ ಔರಾದಿನಲ್ಲಿ, ಸೇಡಂನಲ್ಲಿ ಏನು ಗತಿ? ಜಿಲ್ಲಾಸ್ಪತ್ರೆಯ ಔಷಧಾಲಯದಲ್ಲಿ ಇದು ಇರಬೇಕು. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಪಾಸಣಾ ಪಟ್ಟಿಯಲ್ಲಿ ಎಡಿಎಚ್‌ಡಿ ಇದೆ. ಹುಡುಕುವ ಹೊಣೆ ಹೊತ್ತ ಸರ್ಕಾರ ಔಷಧ ಕೊಡುವ ಹೊಣೆಯನ್ನೂ ಹೊರಲಿ.

ಕಾನೂನಿನ ಕಥೆ ಇದಕ್ಕಿಂತ ಬೇಸರದ್ದು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ 21 ಬಗೆಯ ವೈಕಲ್ಯ ಹೆಸರಿಸುತ್ತದೆ. ಆಟಿಸಂ ಇದೆ, ಕಲಿಕಾ ನ್ಯೂನತೆ ಇದೆ, ಎಡಿಎಚ್‌ಡಿ ಇಲ್ಲ. ಹೀಗಾಗಿ ಪರೀಕ್ಷೆಯಲ್ಲಿ ಹೆಚ್ಚುವರಿ ಸಮಯ ಕೇಳಲು ಈ ಮಗುವಿನ ಕೈಯಲ್ಲಿ ಪ್ರಮಾಣಪತ್ರವೇ ಇರುವುದಿಲ್ಲ. ಶಾಲೆ ‘ಮಗುವಿನ ಜೊತೆ ಕೂರಲು ನಿಮ್ಮ ಖರ್ಚಿನಲ್ಲೇ ಶ್ಯಾಡೋ ಟೀಚರ್ ಇಡಿ, ಇಲ್ಲವಾದರೆ ಟಿಸಿ ಒಯ್ಯಿರಿ’ ಎಂದಾಗ ತಂದೆ ಬಾಯಿ ಮುಚ್ಚಿಕೊಂಡು ಬರುತ್ತಾನೆ. ಬರಬೇಕಾಗಿಲ್ಲ. ಶಿಕ್ಷಣ ಹಕ್ಕು ಕಾಯ್ದೆಯ 16ನೇ ಕಲಮಿನ ಪ್ರಕಾರ ಎಂಟನೇ ತರಗತಿ ಮುಗಿಯುವವರೆಗೆ ಯಾವ ಮಗುವನ್ನೂ ಶಾಲೆಯಿಂದ ಹೊರಹಾಕುವಂತಿಲ್ಲ. 17ನೇ ಕಲಮು ಹೊಡೆತವನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸುತ್ತದೆ. ಆ ಬೆದರಿಕೆಯನ್ನು ಬರಹದಲ್ಲಿ ಕೊಡಿ ಎಂದು ಕೇಳಿ.

ಮನೆಯ ಹಿರಿಯರಿಗೂ ಒಂದು ಮಾತು. ಈ ಸ್ಥಿತಿಗೆ ಮುಖ್ಯ ಕಾರಣ ಆನುವಂಶಿಕತೆ ಎಂದು ಅವಳಿ ಮಕ್ಕಳ ಅಧ್ಯಯನಗಳು ಮತ್ತೆ ಮತ್ತೆ ತೋರಿಸಿವೆ. ಸೊಸೆ ಸರಿಯಾಗಿ ಬೆಳೆಸಲಿಲ್ಲ ಎನ್ನುವುದನ್ನು ಇವತ್ತೇ ನಿಲ್ಲಿಸಿ. ‘ಎರ್ರಗಡ್ಡಾಕ್ಕೆ ಹೋದರೆ ಜನ ಏನಂದಾರು’ ಎಂಬ ಅಂಜಿಕೆಯನ್ನೂ ಬಿಡಿ. ಅಲ್ಲಿನ ಮಾನಸಿಕ ಆರೋಗ್ಯದ ಸರ್ಕಾರಿ ಆಸ್ಪತ್ರೆ ಇರುವುದು ನಮಗಾಗಿಯೇ. ಮಗುವನ್ನು ಮೊದಲು ಮಕ್ಕಳ ವೈದ್ಯರಿಗೋ ಮನೋವೈದ್ಯರಿಗೋ ತೋರಿಸಿ. ಕ್ಲಿನಿಕಲ್ ಸೈಕಾಲಜಿಸ್ಟ್, ಸ್ಪೀಚ್ ಥೆರಪಿಸ್ಟ್, ವಿಶೇಷ ಶಿಕ್ಷಕರು ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ನೋಂದಾಯಿಸಿರಲೇಬೇಕು. ಆ ಸಂಖ್ಯೆ ಕೇಳಿ, ಕೊಡದಿದ್ದರೆ ಮುಂಗಡ ಕಟ್ಟದೆ ಎದ್ದು ಬನ್ನಿ.

ಎಡಿಎಚ್‌ಡಿಯನ್ನು ವೈಕಲ್ಯಗಳ ಪಟ್ಟಿಗೆ ಸೇರಿಸಲು ಕೇಂದ್ರ ಸರ್ಕಾರಕ್ಕೆ ಸಂಸತ್ತಿನಲ್ಲಿ ಹೊಸ ಮಸೂದೆ ತರುವ ಕಷ್ಟವೂ ಇಲ್ಲ. ಇತರ ವೈಕಲ್ಯಗಳನ್ನು ಅಧಿಸೂಚನೆಯ ಮೂಲಕವೇ ಪಟ್ಟಿಗೆ ಸೇರಿಸುವ ಅಧಿಕಾರವನ್ನು 2016ರ ಕಾಯ್ದೆಯ ಅನುಸೂಚಿಯೇ ಅದಕ್ಕೆ ಕೊಟ್ಟಿದೆ.