ಹೊಲದ ಮಣ್ಣಿನಂತೆ ಮನೆಯ ಮಣ್ಣನ್ನೂ ಪರೀಕ್ಷಿಸಿರಿ



ಕಬ್ಬು ಹಚ್ಚುವ ಮುನ್ನ ಹೊಲದ ಮಣ್ಣನ್ನು ಪರೀಕ್ಷೆಗೆ ಕಳಿಸುವ ರೂಢಿ ನಿಮ್ಮಲ್ಲಿ ಹಲವರಿಗಿದೆ. ಆದರೆ ಮನೆಗೆ ಪಾಯ ತೆಗೆಸುವಾಗ, ಪಾಯಖಾನೆಗೆ ಗುಂಡಿ ತೋಡಿಸುವಾಗ ಅದೇ ಮಣ್ಣಿನ ಗುಣವನ್ನು ಯಾರೂ ವಿಚಾರಿಸುವುದಿಲ್ಲ. ಬೆಳೆ ಕೆಟ್ಟರೆ ಒಂದು ವರ್ಷದ ಹಾನಿ. ಗೋಡೆ ಸೀಳಿದರೆ ಜೀವಮಾನದ ಗಳಿಕೆಯೇ ಹೋದಂತೆ.

ರನ್ನ ಬೆಳಗಲಿ ಸೀಮೆಯ ಎರೆ ಮಣ್ಣನ್ನು ನಿಮಗೆ ಪರಿಚಯಿಸಬೇಕಾಗಿಲ್ಲ. ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರಿಯುತ್ತದೆ, ಮಳೆ ಬಿದ್ದೊಡನೆ ಉಬ್ಬುತ್ತದೆ. ಅದರಲ್ಲಿರುವ ಜಿಗುಟಿನ ಕಣಗಳು ತಮ್ಮ ಪದರುಗಳ ನಡುವೆ ನೀರು ಹೀರಿ ಹಿಗ್ಗುವುದೇ ಇದಕ್ಕೆ ಕಾರಣ. ಮನೆಯ ಅಂಚಿನ ಮಣ್ಣು ತೊಯ್ದು ಏಳುತ್ತದೆ, ನಡುವಿನದು ಒಣಗಿಯೇ ಇರುತ್ತದೆ. ಆಗ ಬಾಗಿಲು, ಕಿಟಕಿಗಳ ಮೂಲೆಯಿಂದ ಓರೆಯಾಗಿ ಬಿರುಕು ಹೊರಡುತ್ತದೆ. ಹಿರಿಯರ ಮಾಳಿಗೆ ಮನೆಗಳಲ್ಲಿ ಮೇಲಿನ ಭಾರವನ್ನು ಕಟ್ಟಿಗೆಯ ಕಂಬಗಳು ಹೊರುತ್ತಿದ್ದವು. ಗೋಡೆ ಸ್ವಲ್ಪ ಅಲುಗಿದರೆ ಮಣ್ಣು ಮೆತ್ತಿದರಾಯಿತು. ಸಿಮೆಂಟಿನ ಗೋಡೆಗೆ ಆ ಸೈರಣೆಯಿಲ್ಲ.

ಕೈಗೆಟುಕುವ ಆಳದಲ್ಲಿ ಗರಸು ಸಿಕ್ಕರೆ ಪಾಯವನ್ನು ಅದರ ಮೇಲೆಯೇ ಕೂರಿಸಿರಿ. ಎರೆ ಆಳವಾಗಿದ್ದರೆ ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆ ಇಂಥ ಮಣ್ಣಿಗೆಂದೇ ರೂಪಿಸಿದ, ಬುಡದಲ್ಲಿ ಅಗಲವಾದ ಕಾಂಕ್ರೀಟ್ ಕಂಬದ ಪಾಯವಿದೆ. ಅದು ಸುಮಾರು 12 ಅಡಿ ಆಳಕ್ಕೆ, ಮಣ್ಣಿನ ಹಸಿ ಹೆಚ್ಚು ಏರಿಳಿಯದ ಮಟ್ಟಕ್ಕೆ ಇಳಿಯುತ್ತದೆ. ಖರ್ಚಿನ ಮಾತು ನಿಜ. ಎಂಜಿನಿಯರರನ್ನು ಕೇಳಿ ನಿರ್ಧರಿಸಿರಿ. ಖರ್ಚಿಲ್ಲದ ಕೆಲಸವೂ ಒಂದಿದೆ: ಬಚ್ಚಲ ನೀರು, ಮಾಳಿಗೆಯ ನೀರು ಗೋಡೆಯ ಬುಡದಲ್ಲಿ ನಿಲ್ಲದಂತೆ ನೋಡಿಕೊಳ್ಳುವುದು. ಮೇಸ್ತ್ರಿಯನ್ನು ಬೈಯುವ ಮುಂಚೆ ಬಚ್ಚಲ ಮೋರಿಯನ್ನು ನೋಡಿರಿ ಎಂದು ನಾನು ಹೇಳುವುದುಂಟು.

ಪಾಯಖಾನೆಯ ವಿಷಯ ಇದಕ್ಕಿಂತ ಗಂಭೀರವಾದುದು. 2014ರಲ್ಲಿ ಸ್ವಚ್ಛ ಭಾರತ ಅಭಿಯಾನ ಆರಂಭವಾದ ಮೇಲೆ ಹಳ್ಳಿಗಳಲ್ಲಿ ಜೋಡಿ ಗುಂಡಿಯ ಪಾಯಖಾನೆಗಳು ಬಹಳ ಆದವು. ಯೋಜನೆ ಒಳ್ಳೆಯದೇ. ಆದರೆ ಗುಂಡಿಯ ನೀರನ್ನು ಕುಡಿಯಬೇಕಾದದ್ದು ಸುತ್ತಲಿನ ಮಣ್ಣು. ಉಸುಕು ನೆಲದಲ್ಲಿ ಗುಂಡಿಗೋಡೆಯ ಒಂದು ಚದರ ಮೀಟರು ದಿನಕ್ಕೆ 50 ಲೀಟರು ಹೀರುವುದೆಂದು ಲೆಕ್ಕ ಹಿಡಿದರೆ, ಎರೆಯಲ್ಲಿ 10 ಲೀಟರು ಮಾತ್ರ. ಹೀಗಿರುವಾಗ ಎರಡಕ್ಕೂ ಒಂದೇ ಅಳತೆಯ ಗುಂಡಿ ಹೇಗೆ ಸಾಕಾದೀತು? ಎರೆಯಲ್ಲಿ ಗುಂಡಿ ದೊಡ್ಡದಾಗಬೇಕು. ಇಟ್ಟಂಗಿ ಗೋಡೆಯ ಹೊರಗೆ ಸುತ್ತಲೂ ಒಂದಡಿ ದಪ್ಪ ಉಸುಕು ಅಥವಾ ಸಣ್ಣ ಖಡಿ ತುಂಬಬೇಕು. ಈ ಮಾತು ತಾಂತ್ರಿಕ ಮಾರ್ಗಸೂಚಿಯಲ್ಲಿಯೂ ಇದೆ. ಗುಂಡಿಯ ಬದಿಯಲ್ಲಿ ಮಾತ್ರ ಅಪರೂಪ.

ಕಾಲುವೆ ನೀರಾವರಿಯ ಊರುಗಳಲ್ಲಿ ಇನ್ನೊಂದು ತೊಡಕು. ಧೂಪದಾಳದ ಒಡ್ಡು 1897ರಷ್ಟು ಹಳೆಯದು. ಬಳಿಕ ಹಿಡಕಲ್ ಜಲಾಶಯವೂ ಬಂದು ಘಟಪ್ರಭೆಯ ನೀರು ದೂರದವರೆಗೆ ಹರಿಯಿತು. ಬಸಿಗಾಲುವೆಯಿಲ್ಲದೆ ನೀರು ಹಾಯಿಸಿದಲ್ಲಿ ಅಂತರ್ಜಲ ಮೇಲೇರಿ ಭೂಮಿ ಸವಳು ಜವಳಾಯಿತು. ಅಂಥಲ್ಲಿ ಆಳದ ಗುಂಡಿ ತೋಡಿದರೆ ಮಲದ ನೀರು ನೇರವಾಗಿ ಅಂತರ್ಜಲ ಸೇರಿ ನಿಮ್ಮ ಬಾವಿಗೇ ಬಂದೀತು. ಆಳ ತಗ್ಗಿಸಿ, ಗುಂಡಿಯನ್ನು ನೆಲಕ್ಕಿಂತ ಎತ್ತರಿಸಿ, ಸುತ್ತ ಮಣ್ಣು ಏರಿಸಿ ಕಟ್ಟುವುದೇ ದಾರಿ. ಸೆಪ್ಟಿಕ್ ಟ್ಯಾಂಕ್ ಕಟ್ಟಿಸಿದೆವು, ಚಿಂತೆಯಿಲ್ಲ ಎನ್ನುವವರಿದ್ದಾರೆ. ಟ್ಯಾಂಕಿನಿಂದ ಹೊರಬೀಳುವ ನೀರೂ ಹೊಲಸೇ, ಅದಕ್ಕೂ ಇಂಗುಗುಂಡಿ ಬೇಕು. ಲೋಕಾಪುರದ ಕಡೆಯ ಸುಣ್ಣಕಲ್ಲಿನ ನೆಲದಲ್ಲಿ ಅಪಾಯ ಇದರ ತದ್ವಿರುದ್ಧ. ಕಲ್ಲಿನ ಸೀಳುಗಳಲ್ಲಿ ನೀರು ಸೋಸದೆಯೇ ದೂರ ಓಡುತ್ತದೆ.

ಮಾಳಿಗೆ ಸೋರದಿರಲೆಂದು ಹಿರಿಯರು ಮೇಲೆ ಸವಳು ಮಣ್ಣು ಹಾಕುತ್ತಿದ್ದುದು ನೆನಪಿರಬಹುದು. ಸೋಡಿಯಂ ಹೆಚ್ಚಿದ ಮಣ್ಣಿನ ಕಣಗಳು ನೀರಿನಲ್ಲಿ ಚದುರಿ ರಂಧ್ರಗಳನ್ನು ಮುಚ್ಚುತ್ತವೆ. ಮಾಳಿಗೆಗೆ ವರವಾದ ಈ ಗುಣವೇ ಇಂಗುಗುಂಡಿಗೂ ಹಿತ್ತಲಿಗೂ ಶಾಪ. ಒಣ ಹೆಂಟೆಯೊಂದನ್ನು ಮಳೆ ನೀರು ತುಂಬಿದ ಗಾಜಿನ ಲೋಟದಲ್ಲಿ ಅಲುಗಿಸದೆ ಇಡಿರಿ. ಸುತ್ತಲೂ ಹಾಲಿನಂತೆ ಕದಡಿ ಅದು ತಿಳಿಯಾಗದಿದ್ದರೆ ಸೋಡಿಯಂ ಶಂಕೆ ಹಿಡಿದು ಮಣ್ಣನ್ನು ಪ್ರಯೋಗಾಲಯಕ್ಕೆ ಕಳಿಸಿರಿ. ರಸಸಾರ 8.5 ದಾಟಿದ್ದರೆ ಹಿತ್ತಲಿಗೆ ಜಿಪ್ಸಂ, ಕೊಟ್ಟಿಗೆ ಗೊಬ್ಬರ ಎರಡೂ ಬೇಕು, ಜೊತೆಗೆ ನೀರು ಬಸಿಯಲು ದಾರಿಯೂ ಬೇಕು. ಏರುಮಡಿ ಮಾಡಿ ಪಾಲಕ, ಬೀಟ್‌ರೂಟ್ ಬೆಳೆಯಿರಿ. ಬೀನ್ಸ್ ಉಪ್ಪನ್ನು ತಾಳದು, ಪಪಾಯಿ ನಿಂತ ನೀರನ್ನು ತಾಳದು.

ಗುಂಡಿ ತೋಡುವ ಜಾಗದಲ್ಲಿ ಮೊಣಕಾಲಾಳದ ಸಣ್ಣ ಕುಣಿ ತೆಗೆದು, ಸಂಜೆ ನೀರು ತುಂಬಿ ನೆನೆಯಬಿಡಿರಿ. ಬೆಳಿಗ್ಗೆ ಮತ್ತೆ ತುಂಬಿ, ಒಂದು ತಾಸಿನಲ್ಲಿ ಎಷ್ಟು ಬೆರಳು ಇಳಿಯಿತೆಂದು ಅಳೆಯಿರಿ. ಕಾಲುವೆಗೆ ನೀರು ಬಿಟ್ಟಿರುವ ದಿನಗಳಲ್ಲಿಯೇ ಇದನ್ನು ಮಾಡಬೇಕು. ಬೇಸಿಗೆಯ ಬಿರುಕಿನಲ್ಲಿ ನೀರು ಸರ್ರನೆ ಇಳಿದು ನಿಮ್ಮನ್ನು ಮೋಸಗೊಳಿಸುತ್ತದೆ. ಅಳತೆಯನ್ನು ಬರೆದುಕೊಂಡು ಪಂಚಾಯತಿಯ ಎಂಜಿನಿಯರರ ಮುಂದಿಟ್ಟು, ಈ ಮಣ್ಣಿಗೆ ಎಷ್ಟು ದೊಡ್ಡ ಗುಂಡಿ ಬೇಕೆಂದು ಕೇಳಿರಿ. ನಕ್ಷೆ ಬದಲಾಗದೆ ಹಣ ಕಟ್ಟಬೇಡಿರಿ.